ಚಿನ್ನದ ಅಡಿಯ ಮರ

ಚಿಕ್ಕಬಳ್ಳಾಪುರದ ಬಳಿಯ ನಂದಿಯಲ್ಲಿ ಶಿವರಾತ್ರಿಯ ವೇಳೆಗೆ ಭೋಗನಂದೀಶ್ವರನ ರಥೋತ್ಸವ ನಡೆಯುತ್ತದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಊರುಗಳಿಗೂ ತಮ್ಮ ತಮ್ಮ ಜಾತ್ರೆಗಳುಂಟು. ನೆರೆದ ಜನರ ಕಣ್ಣು ಮೊದಲು ಹೋಗುವುದು ತೇರಿನ ತುದಿಯಲ್ಲಿ ಹೊಳೆಯುವ ಕಳಶದ ಕಡೆಗೆ. ಕೆಳಗಡೆ ಬಡಗಿ ಕೆತ್ತಿದ ಮರದ ಬೊಂಬೆಗಳನ್ನು ನಿಂತು ನೋಡುವವರು ವಿರಳ. ಹೊಳಪಿಗೆ ಮರುಳಾಗಿ ಕೆಲಸವನ್ನು ಮರೆಯುವುದು ಮನುಷ್ಯನ ಹಳೆಯ ದೌರ್ಬಲ್ಯ.

ಈ ದೌರ್ಬಲ್ಯಕ್ಕೆ ತಕ್ಕ ಪಾಠ ಹೇಳಬಲ್ಲ ವಸ್ತುವೊಂದು ದೂರದ ಇಂಗ್ಲೆಂಡಿನಲ್ಲಿದೆ. 18ನೆಯ ಶತಮಾನದಲ್ಲಿ ಅಲ್ಲಿನ ಸಿರಿವಂತರು ತಮ್ಮ ಭವನಗಳ ಗೋಡೆಯ ಬದಿಗೆ ಚಿನ್ನದ ಬಣ್ಣದ ಮೇಜುಗಳನ್ನು ಇರಿಸುತ್ತಿದ್ದರು. ವಿಲಿಯಂ ಕೆಂಟ್ (1685-1748), ರಾಬರ್ಟ್ ಆಡಮ್ (1728-1792) ಮೊದಲಾದವರು ಅವುಗಳ ವಿನ್ಯಾಸಕ್ಕೆ ಹೆಸರಾದವರು. ಅನೇಕ ಮೇಜುಗಳಿಗೆ ಅಮೃತಶಿಲೆಯ ಹಾಸು. ಕಾಲುಗಳಲ್ಲಿ ಎಲೆ, ಬಳ್ಳಿ, ಸಿಂಹಮುಖಗಳ ಕೆತ್ತನೆ. ನೋಡಿದವರಿಗೆ ಎಲ್ಲವೂ ಚಿನ್ನವೇ ಎಂಬ ಭ್ರಮೆ. ಆದರೆ ಒಳಗಿರುವುದು ಬರಿಯ ಮರ.

ಮರವನ್ನು ಕೆತ್ತಿದ ಮೇಲೆ ಸೀಮೆಸುಣ್ಣದ ಪುಡಿಗೆ ಅಂಟು ಬೆರೆಸಿ ಪದರದ ಮೇಲೆ ಪದರವಾಗಿ ಬಳಿಯುತ್ತಿದ್ದರು. ಅದು ಒಣಗಿದ ಬಳಿಕ ಉಜ್ಜಿ ನಯಗೊಳಿಸಿ, ಸೂಕ್ಷ್ಮವಾದ ಗೆರೆಗಳನ್ನು ಮತ್ತೆ ಕೊರೆಯುತ್ತಿದ್ದರು. ಅದರ ಮೇಲೆ ನುಣ್ಣನೆಯ ಕೆಂಪು ಜೇಡಿಯ ಲೇಪ. ಕಟ್ಟಕಡೆಗೆ, ಉಸಿರು ತಾಗಿದರೂ ಹಾರಿಹೋಗುವಷ್ಟು ತೆಳುವಾದ ಚಿನ್ನದ ರೇಕನ್ನು ಅಂಟಿಸಿ, ನುಣುಪಾದ ಕಲ್ಲಿನಿಂದ ತಿಕ್ಕಿ ಹೊಳಪು ತರುತ್ತಿದ್ದರು. ಇಲ್ಲಿ ಚಿನ್ನದ ಪಾಲು ಅತ್ಯಲ್ಪ. ದುಡಿಮೆಯ ಪಾಲೇ ಅಧಿಕ.

ಈ ವಿದ್ಯೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಮೈಸೂರು ಸಂಪ್ರದಾಯದ ಚಿತ್ರಕಾರರು ಸಫೇದ, ರೇವಲ್ಚಿನ್ನಿ ಮತ್ತು ಅಂಟನ್ನು ಅರೆದು, ಆಭರಣಗಳ ಗೆರೆಗಳನ್ನು ಉಬ್ಬಾಗಿ ಬರೆದು, ಅದರ ಮೇಲೆ ಚಿನ್ನದ ರೇಕನ್ನು ಕೂರಿಸುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹುಣಿಸೆಬೀಜದ ಅಂಟನ್ನು ಬಳಸಿ ಹಗುರವಾದ ಮರಕ್ಕೆ ದೇವತೆಗಳ ರೂಪ ಕೊಡುತ್ತಾರೆ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದ ಮಕ್ಕಳಿಗೆ ಜರಿಯೂ ಅಪರಿಚಿತವಲ್ಲ. ಸಾಂಪ್ರದಾಯಿಕ ಜರಿಯಲ್ಲಿ ಹೊರಗೆ ಹೊಳೆಯುವುದು ಚಿನ್ನದ ಲೇಪ. ಒಳಗಿರುವುದು ಬೆಳ್ಳಿಯ ಎಳೆ ಮತ್ತು ನೂಲು.

ಆದರೆ ಇಂದು ಹಳೆಯ ಮರಗೆಲಸಕ್ಕೆ ಒದಗಿರುವ ಅಪಾಯ ವಿಚಿತ್ರವಾದುದು. ಅದು ದ್ವೇಷದಿಂದ ಬಂದುದಲ್ಲ, ಭಕ್ತಿ ಮತ್ತು ಪ್ರೀತಿಯಿಂದಲೇ ಬಂದುದು. ದೇವರ ವಾಹನ ಮಾಸಿದೆಯೆಂದು ಕೆಲವೆಡೆ ಅದಕ್ಕೆ ಚಿನ್ನದ ಬಣ್ಣದ ಎಣ್ಣೆಬಣ್ಣ ಬಳಿಯಲಾಗುತ್ತದೆ. ದೇವರ ವಸ್ತು ಮಂಕಾಗಿರಬಾರದೆಂಬ ಭಾವನೆ ತಪ್ಪಲ್ಲ. ಅನುಸರಿಸಿದ ದಾರಿ ತಪ್ಪು. ಅಪ್ಪಟ ಚಿನ್ನ ಕಿಲುಬು ಹಿಡಿಯದು. ತಾಮ್ರ ಬೆರೆತ ಪುಡಿಯ ಬಣ್ಣವಾದರೋ ಕಾಲಕ್ರಮದಲ್ಲಿ ಕಪ್ಪಾಗುತ್ತದೆ. ದಪ್ಪನೆಯ ಬಣ್ಣ ಕೆತ್ತನೆಯ ಗೆರೆಗಳಲ್ಲಿ ತುಂಬಿಕೊಂಡು ಶಿಲ್ಪಿಯ ಕೈಚಳಕವನ್ನೇ ಮುಚ್ಚುತ್ತದೆ. ಇಂಗ್ಲೆಂಡಿನ ಹಳೆಯ ಮೇಜುಗಳೂ ಇಂತಹ ಬಣ್ಣಕ್ಕೆ ಸಿಕ್ಕಿ ಕೆಟ್ಟದ್ದುಂಟು. ಬಲ್ಲವರು ಅಲ್ಲಿ ಅದನ್ನು ತಾಳ್ಮೆಯಿಂದ ತೆಗೆದು, ಹಳೆಯ ಚಿನ್ನ ಉಳಿದಷ್ಟನ್ನು ಕಾಪಾಡುತ್ತಾರೆ.

ಆದುದರಿಂದ ಹಳೆಯದನ್ನು ಹೊಸದಾಗಿಸುವುದಕ್ಕಿಂತ ಹಳೆಯದಾಗಿಯೇ ಉಳಿಸುವುದು ಮೇಲು. ಧೂಳು ತೆಗೆಯುವುದು, ತೇವ ಮತ್ತು ಗೆದ್ದಲಿನಿಂದ ರಕ್ಷಿಸುವುದು, ದುರಸ್ತಿಗೆ ಮೊದಲು ಬಲ್ಲವರನ್ನು ಕೇಳುವುದು—ಇವೇ ನಿಜವಾದ ಸೇವೆ. ಮುಂದಿನ ಜಾತ್ರೆಯಲ್ಲಿ ವಿದ್ಯಾರ್ಥಿಗಳು ಕಳಶಕ್ಕೆ ಕೈಮುಗಿದ ಮೇಲೆ ತೇರಿನ ಕೆಳಗಣ ಮರದತ್ತಲೂ ಕಣ್ಣು ಹಾಯಿಸಲಿ. ಹೆಸರನ್ನು ಬಿಟ್ಟುಹೋಗದ ಬಡಗಿ ತನ್ನ ಕೆಲಸವನ್ನು ಅಲ್ಲಿ ಬಿಟ್ಟುಹೋಗಿದ್ದಾನೆ.