ಠರಾವಿಲ್ಲದ ಕಾಲೇಜು, ಮಾತಿಲ್ಲದ ಮಕ್ಕಳು

ಪ್ಯಾಲೆಸ್ಟೈನಿನ ಗೊಡವೆ ಸಾಂಗಲಿಯ ಹುಡುಗರಿಗೇಕೆ? ಮಿರಜದ ಹುಡುಗಿಯೊಬ್ಬಳು ಗಾಜಾದ ಬಗ್ಗೆ ಬಾಯಿ ತೆರೆದರೆ ಅವಳಿಗೆ ಸಿಗುವುದಾದರೂ ಏನು? ಹೀಗೆ ಕೇಳುವವರು ಪೊಲೀಸರು ಮತ್ತು ಪ್ರಾಂಶುಪಾಲರು ಮಾತ್ರ ಎಂದುಕೊಳ್ಳಬೇಡಿ. ನಮ್ಮ ಕನ್ನಡದ ಮನೆಗಳ ಜಗಲಿಯ ಮೇಲೆಯೇ ಈ ಮಾತು ಹೆಚ್ಚು ಕೇಳಿಬರುತ್ತದೆ. “ಇಲ್ಲಿ ನಾವು ಇರುವುದೇ ನಾಲ್ಕು ಮಂದಿ. ತಲೆ ತಗ್ಗಿಸಿ ಓದು, ಒಂದು ನೌಕರಿ ಹಿಡಿ, ಊರ ಉಸಾಬರಿ ನಿನಗೆ ಬೇಡ” ಎಂಬುದು ನಮ್ಮ ಹಿರಿಯರು ತಲೆಮಾರುಗಳಿಂದ ಹೇಳುತ್ತ ಬಂದ ಬುದ್ಧಿವಾದ. ಪ್ರೀತಿಯಿಂದಲೇ ಹೇಳಿದ್ದು, ಒಪ್ಪೋಣ. ಆದರೆ ಅದು ತಪ್ಪು. ಭಾಷಾ ಅಲ್ಪಸಂಖ್ಯಾತರಾದ ನಮ್ಮ ಪಾಲಿಗೆ ಅಪಾಯಕಾರಿಯೂ ಹೌದು. ದೂರದ ಜನರ ಪರವಾಗಿ ಕಾಲೇಜಿನಲ್ಲಿ ಠರಾವು ಮಂಡಿಸುವ ಹಕ್ಕು ಮತ್ತು ನಮ್ಮ ಕನ್ನಡ ಶಾಲೆಗೆ ಮಾಸ್ತರರು ಬೇಕೆಂದು ಠರಾವು ಮಂಡಿಸುವ ಹಕ್ಕು ಎರಡು ಹಕ್ಕುಗಳಲ್ಲ. ಮೊದಲನೆಯದನ್ನು ಬಿಟ್ಟುಕೊಟ್ಟವನ ಕೈಯಲ್ಲಿ ಎರಡನೆಯದೂ ಉಳಿಯುವುದಿಲ್ಲ. ಇದಕ್ಕೆ ಸಾಕ್ಷಿ ಬೇಕಿದ್ದರೆ ಸಾಂಗಲಿ, ಮಿರಜಗಳನ್ನೇ ನೋಡಬಹುದು.

ಕಾಸರಗೋಡಿನ ಓದುಗರಿಗೆ ಇವು ದೂರದ ಊರುಗಳು. ಆದರೆ 1967ರ ಮಹಾಜನ ವರದಿಯಲ್ಲಿ ನೀವೂ ನಾವೂ ಒಟ್ಟಿಗೇ ಇದ್ದೇವೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ವರದಿಯೇ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಹಳ್ಳಿಗಳ ಬಗೆಗೂ ಅದನ್ನೇ ಹೇಳಿತ್ತು. ಎರಡೂ ಕಾಗದದಲ್ಲೇ ಉಳಿದವು. ಮಿರಜವೆಂದರೆ ಸಿತಾರು, ತಂಬೂರಿ ಮಾಡುವವರ ಊರು. ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ ಊರು. ಅಥಣಿ, ರಾಯಬಾಗ, ಕುಡಚಿಯ ಕಡೆಯವರಿಗೆ ದೊಡ್ಡ ದವಾಖಾನೆಯೆಂದರೆ ಮಿರಜವೇ. ಸಾಂಗಲಿ ಮಿರಜಗಳ ನಡುವೆ 1919ರಲ್ಲಿ ಆರಂಭವಾದ ವಿಲಿಂಗ್ಡನ್ ಕಾಲೇಜಿನಲ್ಲಿ ವಿ. ಕೃ. ಗೋಕಾಕರು ಪ್ರಾಂಶುಪಾಲರಾಗಿದ್ದರು, ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸಿದರು. 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ‘ಕನ್ನಡ ಸಾಹಿತ್ಯ ಚರಿತ್ರೆ’ ಬರೆದವರು ಮರಾಠಿ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಈ ಮುಗಳಿಯವರೇ.

ಇಂಥ ಊರಿನ ವಿದ್ಯಾರ್ಥಿಗೆ ಇಂದು ತನ್ನದೆಂಬ ಸಭೆ ಯಾವುದಿದೆ? ಕೇರಳದಲ್ಲಿ ಬೆಳೆದ ನಿಮ್ಮ ಮಕ್ಕಳಿಗೆ ಕಾಲೇಜು ಯೂನಿಯನ್ನಿನ ಚುನಾವಣೆ ಓಣಂನಷ್ಟೇ ಪರಿಚಿತ. ಮಹಾರಾಷ್ಟ್ರದ ಕಥೆ ಬೇರೆ. 1989ರಲ್ಲಿ ಮುಂಬಯಿಯ ಕಾಲೇಜು ಚುನಾವಣೆಯ ಗಲಾಟೆಯಲ್ಲಿ ವಿದ್ಯಾರ್ಥಿಯೊಬ್ಬನ ಕೊಲೆಯಾಯಿತು. ಕೊಂದವರನ್ನು ಶಿಕ್ಷಿಸುವುದು ಒಂದು ದಾರಿ. ಚುನಾವಣೆಯನ್ನೇ ಶಿಕ್ಷಿಸುವುದು ಇನ್ನೊಂದು. ಸರಕಾರ ಎರಡನೆಯ ದಾರಿ ಹಿಡಿಯಿತು. 1994ರ ವಿಶ್ವವಿದ್ಯಾಲಯ ಕಾಯಿದೆ ನೇರ ಚುನಾವಣೆಯನ್ನು ತೆಗೆದುಹಾಕಿ, ಅಂಕಗಳ ಆಧಾರದ ಮೇಲೆ ಪ್ರತಿನಿಧಿಯನ್ನು ನೇಮಿಸುವ ಪದ್ಧತಿ ತಂದಿತು. ತರಗತಿಗೆ ಮೊದಲಿಗನಾದವನು ಗೆಳೆಯರ ಪ್ರತಿನಿಧಿಯೂ ಆದ. ಗಣಿತದಲ್ಲಿ ನೂರಕ್ಕೆ ನೂರು ಪಡೆದ ಜಾಣನನ್ನು ನಾವು ಗೌರವಿಸೋಣ. ಆದರೆ ಅವನನ್ನು ಆರಿಸಿದವರು ಯಾರು? ಅವನು ಯಾರಿಗೆ ಉತ್ತರ ಹೇಳಬೇಕು?

2016ರ ಹೊಸ ಕಾಯಿದೆ ಚುನಾವಣೆಯನ್ನು ಮರಳಿ ತರುತ್ತೇನೆಂದಿತು. 2019ರಲ್ಲಿ ವೇಳಾಪಟ್ಟಿಯೂ ಹೊರಟಿತು. ಅಷ್ಟರಲ್ಲಿ ವಿಧಾನಸಭೆಯ ಚುನಾವಣೆ ಬಂತೆಂದು ಅದನ್ನು ಮುಂದೂಡಿದರು. ದೊಡ್ಡವರ ಚುನಾವಣೆಗೋಸ್ಕರ ಚಿಕ್ಕವರ ಚುನಾವಣೆ ನಿಂತಿತು. ಹೀಗೆ ಕಾಲು ಶತಮಾನಕ್ಕೂ ಮಿಕ್ಕಿ, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದಿದ ಮಕ್ಕಳು ತಮ್ಮ ಪ್ರತಿನಿಧಿಗೆ ಒಂದು ಮತ ಹಾಕದೆ ಪದವಿ ಪಡೆದು ಹೋದರು. ಹೀಗಿರುವಾಗ ಗಾಜಾದ ಬಗ್ಗೆ ಸಾಂಗಲಿಯ ವಿದ್ಯಾರ್ಥಿಗಳು ಏನೂ ಹೇಳಲಿಲ್ಲವೆಂದರೆ ಅವರಿಗೆ ಅಭಿಪ್ರಾಯವಿಲ್ಲ ಎಂದು ಅರ್ಥವಲ್ಲ. ಹೇಳುವ ಕಟ್ಟೆಯೇ ಇಲ್ಲ.

ಕಟ್ಟೆ ಇದ್ದಲ್ಲಿ ಏನಾಯಿತು? ಅಮೆರಿಕದ ಬರ್ಕ್ಲಿಯಲ್ಲಿ 2010ರ ಮಾರ್ಚಿಯಲ್ಲಿ ವಿದ್ಯಾರ್ಥಿ ಸೆನೆಟ್ಟು ಒಂದು ಠರಾವನ್ನು 16ಕ್ಕೆ 4 ಮತಗಳಿಂದ ಒಪ್ಪಿತು. ಇಸ್ರೇಲಿನ ಸೇನೆಗೆ ಸಲಕರಣೆ ಒದಗಿಸುವ ಕಂಪೆನಿಗಳಿಂದ ವಿಶ್ವವಿದ್ಯಾಲಯದ ಹಣ ಹಿಂತೆಗೆಯಬೇಕು ಎಂಬುದು ಠರಾವಿನ ಸಾರ. ವಿದ್ಯಾರ್ಥಿ ಸಂಘದ ಅಧ್ಯಕ್ಷನೇ ಅದನ್ನು ತಡೆದ. ತಡೆಯನ್ನು ಮೀರಲು ಬೇಕಾದ ಮತಗಳು ಸಿಗಲಿಲ್ಲ. 2013ರಲ್ಲಿ ಅಂಥದೇ ಠರಾವು 11ಕ್ಕೆ 9ರಿಂದ ಗೆದ್ದಿತು. ಆಡಳಿತ ಮಣಿಯಲಿಲ್ಲ. ಹಾಗಾದರೆ ಎಲ್ಲ ವ್ಯರ್ಥವೇ? ಇದೇ ವಿಶ್ವವಿದ್ಯಾಲಯ ದಕ್ಷಿಣ ಆಫ್ರಿಕದ ವರ್ಣಭೇದದ ವಿಷಯದಲ್ಲಿಯೂ ಮೊದಲು ಮಣಿದಿರಲಿಲ್ಲ. 1986ರಲ್ಲಿ 310 ಕೋಟಿ ಡಾಲರಿನ ಹೂಡಿಕೆ ಹಿಂತೆಗೆಯಲು ಅದು ಒಪ್ಪಿತು. ಅದರ ಹಿಂದೆ ವಿದ್ಯಾರ್ಥಿಗಳ ವರ್ಷಗಟ್ಟಲೆ ಒತ್ತಾಯವಿತ್ತು. 2024ರ ಮೇ ತಿಂಗಳಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜು ತನ್ನ ವಿದ್ಯಾರ್ಥಿ ಸಂಘಕ್ಕೆ ಪ್ರತಿಭಟನೆಗಳಿಂದ ನಷ್ಟವಾಯಿತೆಂದು ಎರಡು ಲಕ್ಷ ಯೂರೋಗಳಿಗೂ ಮಿಕ್ಕಿದ ಮೊತ್ತ ತೆರುವಂತೆ ಹೇಳಿತು. ವಿದ್ಯಾರ್ಥಿಗಳು ಅಂಗಳದಲ್ಲಿ ಡೇರೆ ಹೂಡಿದರು. ಐದೇ ದಿನಗಳಲ್ಲಿ, ಆಕ್ರಮಿತ ಪ್ರದೇಶದಲ್ಲಿ ವ್ಯವಹಾರ ಮಾಡುವ ಇಸ್ರೇಲಿ ಕಂಪೆನಿಗಳಿಂದ ಹಣ ಹಿಂತೆಗೆಯಲು ಕಾಲೇಜು ಒಪ್ಪಿತು.

“ಅದು ಹೊರದೇಶ, ಇಲ್ಲಿ ಠರಾವಿನಿಂದ ಏನಾಗುತ್ತದೆ?” ಎನ್ನುವವರು ಜತ್ತದ ಕಡೆ ನೋಡಲಿ. ನೀರಿಲ್ಲದೆ ಬೇಸತ್ತ ಅಲ್ಲಿನ ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು 2012ರಲ್ಲಿ ಠರಾವು ಮಾಡಿದ್ದವು. ಹತ್ತು ವರ್ಷ ಅದನ್ನು ಯಾರೂ ಮೂಸಿ ನೋಡಲಿಲ್ಲ. 2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬೊಮ್ಮಾಯಿಯವರು ಅದನ್ನು ಎತ್ತಿ ಹಿಡಿದರು. ಅದು ಹಳೆಯ ಠರಾವೆಂದು ಮಹಾರಾಷ್ಟ್ರದ ಉಪಮುಖ್ಯಮಂತ್ರಿ ಫಡಣವೀಸರು ಉತ್ತರ ಕೊಡಬೇಕಾಯಿತು. ಮ್ಹೈಸಾಳ ನೀರಾವರಿ ಯೋಜನೆಯನ್ನು ಜತ್ತದ ಹಳ್ಳಿಗಳಿಗೆ ವಿಸ್ತರಿಸುವ ಮಾತು ತಟಕ್ಕನೆ ಮೇಲೆ ಬಂತು. ಗಡಿ ಕದಲಲಿಲ್ಲ. ಆದರೆ ನೀರಿನ ವಿಷಯ ಮುಂಬಯಿಗೆ ತಲುಪಿತು. ಬರೆದಿಟ್ಟ ಮಾತಿಗೆ ಇರುವ ಬಲ ಇದು. ಹಳ್ಳಿಯ ಪಂಚಾಯತಿಗೆ ಇರುವ ಈ ಬಲ ಪಕ್ಕದ ಪೇಟೆಯ ಕಾಲೇಜಿಗಿಲ್ಲ.

ಇನ್ನು “ಮೊದಲು ನಮ್ಮ ಮನೆ ನೋಡಿಕೊಳ್ಳೋಣ” ಎಂಬ ವಾದ. 2025ರ ಜುಲೈಯಲ್ಲಿ ಗಾಜಾದ ಪರ ಸಭೆ ನಡೆಸಲು ಅನುಮತಿ ಕೇಳಿ ಸಿಪಿಎಂ ಪಕ್ಷ ಹೋದಾಗ ಮುಂಬಯಿ ಉಚ್ಚ ನ್ಯಾಯಾಲಯವೂ ಈ ಅರ್ಥದ ಮಾತನ್ನೇ ಆಡಿತು: ನಮ್ಮ ದೇಶದಲ್ಲಿ ಕಸ, ಚರಂಡಿ, ಪ್ರವಾಹದ ತೊಂದರೆಗಳು ಬೇಕಷ್ಟಿವೆ, ಅವನ್ನು ನೋಡಿ ಎಂದು. ನ್ಯಾಯಾಲಯದ ಮೇಲೆ ಗೌರವವಿಟ್ಟೇ ಕೇಳುತ್ತೇನೆ: ದೂರದ ಹಸಿವಿಗೆ ಕಣ್ಣು ಮುಚ್ಚಿದವನು ಹತ್ತಿರದ ಚರಂಡಿಯನ್ನು ನೋಡಿದ ಉದಾಹರಣೆ ಎಲ್ಲಿದೆ? ನಮ್ಮ ದೇಶವೇ ಹಾಗೆ ಕಣ್ಣು ಮುಚ್ಚಿ ಕೂತಿರಲಿಲ್ಲ. 1947ರಲ್ಲಿ ಪ್ಯಾಲೆಸ್ಟೈನಿನ ವಿಭಜನೆಯ ವಿರುದ್ಧ ಭಾರತ ಮತ ಹಾಕಿತು. 1988ರಲ್ಲಿ ಪ್ಯಾಲೆಸ್ಟೈನ್ ರಾಷ್ಟ್ರಕ್ಕೆ ಮನ್ನಣೆ ಕೊಟ್ಟಿತು. 1992ರಲ್ಲಿ ಇಸ್ರೇಲಿನೊಂದಿಗೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. ಸರಕಾರ ಮಾಡಬಹುದಾದ ವಿಚಾರವನ್ನು ಇಪ್ಪತ್ತು ವರ್ಷದ ಮತದಾರ ಮಾಡಬಾರದೇ?

ದೂರದ್ದು ಎನ್ನುವುದೂ ಪೂರ್ತಿ ನಿಜವಲ್ಲ. ಕೇರಳದಿಂದ, ಮಂಗಳೂರು ಉಡುಪಿಗಳಿಂದ ಹೋದವರು ಇಸ್ರೇಲಿನ ಮನೆಗಳಲ್ಲಿ ಮುದುಕರ ಆರೈಕೆ ಮಾಡಿ ಊರಿಗೆ ಹಣ ಕಳಿಸುತ್ತಾರೆ. 2021ರಲ್ಲಿ ರಾಕೆಟ್ಟಿಗೆ ಬಲಿಯಾದವರಲ್ಲಿ ಇಡುಕ್ಕಿಯ ಮಗಳೊಬ್ಬಳಿದ್ದಳು. ಕೊಂಕಣದಿಂದ ಇಸ್ರೇಲಿಗೆ ಹೋದ ಯಹೂದಿಗಳು ಅಲ್ಲಿ ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆ ನಡೆಸಿ ತಾಯಿನುಡಿ ಉಳಿಸಿಕೊಂಡರು. ಭಾಷಾ ಅಲ್ಪಸಂಖ್ಯಾತರ ಪಾಡು ಏನೆಂದು ಬಲ್ಲ ನಮಗೆ ಆ ಪತ್ರಿಕೆಯ ಬೆಲೆ ಗೊತ್ತು. ಹಾಗೆಯೇ, 2018ರಲ್ಲಿ ಇಸ್ರೇಲಿನ ಸಂಸತ್ತು ಮೂಲ ಕಾಯಿದೆಯೊಂದನ್ನು ಮಾಡಿ ಅರಬ್ಬಿ ಭಾಷೆಯನ್ನು ಅಧಿಕೃತ ಭಾಷೆಯ ಪೀಠದಿಂದ ಇಳಿಸಿ ‘ವಿಶೇಷ ಸ್ಥಾನ’ದಲ್ಲಿ ಕೂರಿಸಿದಾಗ ಆದದ್ದೇನೆಂದು ನಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು? 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡುವ ಶಾಸನ ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು ಇಂಥದೇ ಅಳುಕಿನಿಂದ. ಬಾಂಬು ಬೀಳುವುದೂ ಪಠ್ಯ ಬದಲಾಗುವುದೂ ಒಂದೇ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಸತ್ತವರಿಗೆ ಮಾಡುವ ಅವಮಾನ. 2023ರ ಅಕ್ಟೋಬರ್ 7ರಂದು ಹಮಾಸಿನ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, 251 ಮಂದಿ ಒತ್ತೆಯಾಳುಗಳಾದರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರ ಸಂಖ್ಯೆ 2025ರ ಮಧ್ಯದ ಹೊತ್ತಿಗೆ, ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಂತೆ, 60,000 ದಾಟಿತ್ತು. 2024ರ ಜನವರಿಯಲ್ಲಿ ಅಲ್ಲಿನ ಇಸ್ರಾ ವಿಶ್ವವಿದ್ಯಾಲಯವನ್ನು ಸ್ಫೋಟಿಸಿ ನೆಲಸಮ ಮಾಡಲಾಯಿತು. ವಿಶ್ವವಿದ್ಯಾಲಯವೊಂದು ಮಣ್ಣಾದ ಸುದ್ದಿ ಇನ್ನೊಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಯನ್ನು ತಟ್ಟಬಾರದೆಂದರೆ ಆ ವಿದ್ಯೆ ಎಂಥದು?

ನಿಮ್ಮ ಕುಂಬಳೆಯಲ್ಲಿಯೇ 2025ರ ಅಕ್ಟೋಬರಿನಲ್ಲಿ ಸರಕಾರಿ ಶಾಲೆಯ ಕಲೋತ್ಸವದಲ್ಲಿ ಮಕ್ಕಳು ಗಾಜಾದ ಬಗ್ಗೆ ಮೂಕಾಭಿನಯ ಮಾಡಿದರು. ನಡುವೆಯೇ ಪರದೆ ಬಿತ್ತು. ಶಿಕ್ಷಣ ಮಂತ್ರಿ ಶಿವನ್‌ಕುಟ್ಟಿಯವರು ಅದೇ ಮೂಕಾಭಿನಯಕ್ಕೆ ಮತ್ತೆ ವೇದಿಕೆ ಕೊಡಿಸಿದರು. ಮಾತೇ ಇಲ್ಲದ ಅಭಿನಯಕ್ಕೆ ಪರದೆ ಇಳಿಯಿತೆಂದರೆ ಮಾತಿಗೆ ಏನು ಕಾದಿದೆ ಎಂದು ಯೋಚಿಸಿ. ಆದರೂ ಅಲ್ಲಿ ಕೇಳಲು ಜನರಿದ್ದರು, ಪರದೆ ಮತ್ತೆ ಎದ್ದಿತು. ಮಿರಜದಲ್ಲಿ ಹೀಗಾಗಿದ್ದರೆ ಎತ್ತಿಸುವವರು ಯಾರು?

ಎದುರು ಪಕ್ಷದ ವಾದವನ್ನೂ ಪ್ರಾಮಾಣಿಕವಾಗಿ ನೋಡಬೇಕು. ಮಿರಜದ ಅಧಿಕಾರಿಗಳ ಭಯಕ್ಕೆ ಕಾರಣವಿಲ್ಲದಿಲ್ಲ. 2009ರ ಗಣೇಶೋತ್ಸವದಲ್ಲಿ ಅಫ್ಜಲ್‌ಖಾನನ ವಧೆಯ ಚಿತ್ರವಿದ್ದ ಕಮಾನಿನಿಂದ ಎದ್ದ ಗಲಭೆ ಸಾಂಗಲಿ, ಇಚಲಕರಂಜಿ, ಕೊಲ್ಹಾಪುರಗಳಿಗೆ ಹಬ್ಬಿತ್ತು. ಅಂಥಲ್ಲಿ ಒಂದು ಬಾವುಟ ಬೆಂಕಿಯಾದೀತು ಎಂಬ ಅಳುಕು ಸಹಜ. ವಿದ್ಯಾರ್ಥಿ ಸಂಘಗಳೂ ದೇವಮಾನವರ ಕೂಟವಲ್ಲ. 2015ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ನ್ಯಾಯಮಂಡಲಿಗೆ ಬಂದ ಯಹೂದಿ ಹುಡುಗಿಯನ್ನು, ನೀನು ಯಹೂದಿಯಾಗಿದ್ದು ನಿಷ್ಪಕ್ಷಪಾತವಾಗಿ ಇರಬಲ್ಲೆಯಾ ಎಂದು ಕೇಳಿದರು. ಅವಳನ್ನು ಹೊರಗಿಟ್ಟು ನಲವತ್ತು ನಿಮಿಷ ಚರ್ಚಿಸಿದರು. ಸಲಹೆಗಾರರಾದ ಅಧ್ಯಾಪಕರು ತಪ್ಪು ತೋರಿಸಿದ ಮೇಲೆಯೇ ಅವಳ ಹೆಸರನ್ನು ಒಪ್ಪಿದ್ದು. ಹುಟ್ಟನ್ನು ನೋಡಿ ನಿಷ್ಠೆಯನ್ನು ಅಳೆಯುವ ಈ ಪ್ರಶ್ನೆ ನಮಗೆ ಹೊಸದಲ್ಲ. ಗಡಿಯ ಕನ್ನಡಿಗನಿಗೂ ಇದೇ ಪ್ರಶ್ನೆ ಬರುತ್ತದೆ: ನೀನು ಯಾವ ಕಡೆಯವನು? 2024ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ಯಾಲೆಸ್ಟೈನ್ ಪರ ಗುಂಪು ಚುನಾವಣೆ ಗೆದ್ದು, ಬೇಡಿಕೆ ಈಡೇರುವವರೆಗೆ ಎಲ್ಲ ವಿದ್ಯಾರ್ಥಿ ಕೂಟಗಳ ಹಣವನ್ನು ತಡೆಹಿಡಿಯಿತು. ಆ ವರ್ಷದ ಕೊನೆಗೆ ಅದರ ಅಧ್ಯಕ್ಷರ ಮೇಲೂ ಉಪಾಧ್ಯಕ್ಷರ ಮೇಲೂ ವಿದ್ಯಾರ್ಥಿಗಳ ಸಭೆಯೇ ದೋಷಾರೋಪ ಹೊರಿಸಿತು, ವಿದ್ಯಾರ್ಥಿ ನ್ಯಾಯಮಂಡಲಿ ಅವರನ್ನು ಇಳಿಸಿತು. ಅದೇ ವರ್ಷ ಕೇರಳ ವಿಶ್ವವಿದ್ಯಾಲಯದ ಯೂನಿಯನ್ ಯುವಜನೋತ್ಸವಕ್ಕೆ ‘ಇಂತಿಫಾದಾ’ ಎಂದು ಹೆಸರಿಟ್ಟಿತು, ಕುಲಪತಿ ಅದನ್ನು ತೆಗೆಸಿದರು. ಹೆಸರಿನ ಜಗಳವೇ ಸುದ್ದಿಯಾಯಿತು. ಗಾಜಾದ ಬಗ್ಗೆ ಒಂದು ಒಳ್ಳೆಯ ಚರ್ಚೆ ನಡೆಯಬಹುದಾಗಿದ್ದ ಅವಕಾಶ ಹೋಯಿತು.

ಈ ತಪ್ಪುಗಳಿಂದ ಕಲಿಯಬೇಕಾದದ್ದೇನು? ಸಂಘವೇ ಬೇಡ ಎಂದಲ್ಲ. ಮಿಷಿಗನ್ನಿನವರ ಮೇಲೆ ದೋಷಾರೋಪ ಹೊರಿಸಿದ್ದು ವಿದ್ಯಾರ್ಥಿಗಳು ಮತ ಹಾಕಿ ಆರಿಸಿದ ಸಭೆ. ಲಾಸ್ ಏಂಜಲಿಸ್ಸಿನ ತಪ್ಪು ತಿದ್ದಿದ್ದು ಆ ಸಭೆಯೊಳಗಿನ ಚರ್ಚೆ. ಚುನಾವಣೆ ಇದ್ದಲ್ಲಿ ತಪ್ಪು ಕಾಣುತ್ತದೆ, ತಿದ್ದಬಹುದು. ಇಲ್ಲದಲ್ಲಿ ತಪ್ಪು ಯಾರ ಹೆಸರಿಗೂ ಸೇರದೆ ಉಳಿಯುತ್ತದೆ. ಭಯವಿರುವ ಊರಿನಲ್ಲಿಯೇ ಹುಡುಗರು ಗೋಡೆಯ ಮೇಲಲ್ಲದೆ ಮೇಜಿನ ಸುತ್ತ ಕೂತು ವಾದಿಸಲು ಕಲಿಯಬೇಕು. ಸಭೆ ಇಲ್ಲದ ಮಾತು ಬೀದಿಗೆ ಬರುತ್ತದೆ. ಬೀದಿಯಲ್ಲಿ ಮೊದಲು ಪೆಟ್ಟು ತಿನ್ನುವವರು ಅಲ್ಪಸಂಖ್ಯಾತರು.

ಆದ್ದರಿಂದ ಸಾಂಗಲಿ, ಮಿರಜ, ಜತ್ತದ ಕನ್ನಡ ಕುಟುಂಬಗಳಲ್ಲಿ ನನ್ನ ಮನವಿ ಇಷ್ಟೇ. 2016ರ ಕಾಯಿದೆ ಕೊಟ್ಟ ಮಾತಿನಂತೆ ಕಾಲೇಜು ಚುನಾವಣೆ ನಡೆಸಿ ಎಂದು ಕೇಳುವವರಲ್ಲಿ ನಾವು ಮುಂದೆ ನಿಲ್ಲೋಣ. ಸಂಘ ಬಂದಾಗ ಎರಡು ನಿಯಮಗಳಿಗೆ ಪಟ್ಟು ಹಿಡಿಯೋಣ: ಯಾರ ಜಾತಿ, ಧರ್ಮ, ಭಾಷೆಯನ್ನು ನೋಡಿಯೂ ಅವರ ನಿಷ್ಠೆಯನ್ನು ಪ್ರಶ್ನಿಸಕೂಡದು; ಎಷ್ಟೇ ದೊಡ್ಡ ಧ್ಯೇಯವಿದ್ದರೂ ಇತರರ ಪಾಲಿನ ಹಣವನ್ನು ಒತ್ತೆ ಹಿಡಿಯಕೂಡದು. ಆಮೇಲೆ ನಮ್ಮ ಮಗಳು ಗಾಜಾದ ಪರವಾಗಿ ಮಾತಾಡಲಿ, ಪಕ್ಕದ ಮನೆಯ ಹುಡುಗ ಇಸ್ರೇಲಿನ ಒತ್ತೆಯಾಳುಗಳ ಪರವಾಗಿ ಮಾತಾಡಲಿ, ಮತ ಎಣಿಸಲಿ. ಮರಾಠಿಯಲ್ಲಿ ಮಾತಾಡಿದರೂ ಸರಿಯೇ, ಕನ್ನಡದಲ್ಲಿ ಮಾತಾಡಲೂ ಎಡೆಯಿರಲಿ. ಅನ್ಯರ ನೋವಿಗೆ ಕೈ ಎತ್ತಿ ಅಭ್ಯಾಸವಾದ ಮಗು ನಾಳೆ ಜತ್ತದ ಕನ್ನಡ ಶಾಲೆಯ ಖಾಲಿ ಹುದ್ದೆಗಾಗಿಯೂ ಕೈ ಎತ್ತೀತು. ತಲೆ ತಗ್ಗಿಸಿಯೇ ಬೆಳೆದ ಮಗುವಿನಿಂದ ಅದನ್ನು ನಿರೀಕ್ಷಿಸುವುದು ಹೇಗೆ?