ಜಲಾಶಯದ ಖಾಲಿ ಜಾಗಕ್ಕೂ ಬೆಲೆಯಿದೆ

ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಮೂರು ದಿನ ಮಳೆ ಹಿಡಿದುಕೊಂಡರೆ ಹೊಸಪೇಟೆಯಲ್ಲಿ ಲೆಕ್ಕ ಶುರುವಾಗುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟೆ ಹಿಡಿಯುವುದು 3.24 ಟಿಎಂಸಿ ಅಡಿ ನೀರು ಮಾತ್ರ. ಮುಂಗಾರು ಬಿರುಸಾದ ಕೆಲವೇ ದಿನಗಳಲ್ಲಿ ಅದು ತುಂಬಿ, ಮೇಲಿನಿಂದ ಬಂದಷ್ಟನ್ನೂ ಕೆಳಕ್ಕೆ ಕಳಿಸತೊಡಗುತ್ತದೆ. ಕೂಡಲಿಯಲ್ಲಿ ಭದ್ರೆ ಜೊತೆಯಾಗುತ್ತಾಳೆ, ಹಾವೇರಿ ಸೀಮೆಯ ಮಳೆ ಹೊತ್ತು ವರದೆ ಬಂದು ಸೇರುತ್ತಾಳೆ. ಒಂದೆರಡು ದಿನ ಕಳೆಯುವಷ್ಟರಲ್ಲಿ ತುಂಗಭದ್ರಾ ಜಲಾಶಯದ ಒಳಹರಿವು ಸಾವಿರಗಳ ಲೆಕ್ಕ ಬಿಟ್ಟು ಲಕ್ಷಕ್ಕೆ ಏರಿರುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳಲ್ಲಿ ಪತ್ರಿಕೆ ಕೈಗೆ ಬಂದ ಕೂಡಲೇ ಜನ ಮೊದಲು ಹುಡುಕುವುದು ಒಂದು ಸಣ್ಣ ಚೌಕವನ್ನು: ಗರಿಷ್ಠ ಮಟ್ಟ 1633 ಅಡಿ, ಇಂದಿನ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು, ಹೋದ ವರ್ಷ ಇದೇ ದಿನ ಎಷ್ಟಿತ್ತು ಎಂಬುದು.

ಆ ಚೌಕ ನೋಡಿ ಹಿಗ್ಗುವುದು ಸಹಜ. ಭತ್ತದ ಸಸಿ ಮಡಿ ಹಾಕಿಕೊಂಡು ಕಾಲುವೆ ಕಡೆ ಕಣ್ಣಿಟ್ಟು ಕೂತವರಿಗೆ ಜಲಾಶಯ ತುಂಬಿದ ಸುದ್ದಿಗಿಂತ ದೊಡ್ಡ ಸುದ್ದಿಯಿಲ್ಲ. ತುಂಬಿದ ನೀರಿಗೆ ಬಾಗಿನ ಕೊಡುವುದೂ ನಮ್ಮಲ್ಲಿ ಬಂದ ಒಳ್ಳೆಯ ಪದ್ಧತಿ. ಆದರೆ ಜುಲೈ ತಿಂಗಳಲ್ಲೇ, ಇನ್ನೂ ಎರಡೂವರೆ ತಿಂಗಳ ಮಳೆಗಾಲ ಮುಂದಿರುವಾಗ, ಅಣೆಕಟ್ಟೆ ಗಂಟಲಮಟ್ಟ ತುಂಬಿದೆ ಎಂದರೆ ಹಿಗ್ಗಿನ ಜೊತೆಗೆ ಒಂದು ಅಂಜಿಕೆಯೂ ಇರಬೇಕು. ಆಮೇಲೆ ಬರುವ ನೀರಿಗೆ ಜಾಗವಿಲ್ಲ. ಬಂದದ್ದು ಬಂದಂತೆ ನದಿಗೆ ಹೋಗಬೇಕು, ನದಿ ದಂಡೆಯ ಊರುಗಳ ಮೇಲೆ ಹೋಗಬೇಕು. ಸಂಗ್ರಹವಾದ ನೀರಿನ ಬೆಲೆ ನಮಗೆ ಗೊತ್ತಿದೆ. ಸಂಗ್ರಹವಾಗದೆ ಉಳಿದ ಜಾಗದ ಬೆಲೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಅಂಕಿಗಳನ್ನೇ ನೋಡೋಣ, ಕಷ್ಟದ ಗಣಿತವೇನಲ್ಲ. ಒಂದು ಲಕ್ಷ ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ. ಜಲಾಶಯದಲ್ಲಿ 10 ಟಿಎಂಸಿ ಜಾಗ ಉಳಿದಿದೆ, ಒಳಹರಿವು ಒಂದೂವರೆ ಲಕ್ಷ, ಕೆಳಕ್ಕೆ ಬಿಡುತ್ತಿರುವುದು 50 ಸಾವಿರ ಎಂದಿಟ್ಟುಕೊಳ್ಳಿ. ಸುಮಾರು 28 ಗಂಟೆಯಲ್ಲಿ ಆ ಜಾಗ ಮುಗಿಯುತ್ತದೆ. ಇಪ್ಪತ್ತೊಂಬತ್ತನೇ ಗಂಟೆಗೆ ಒಂದೂವರೆ ಲಕ್ಷವನ್ನೂ ನದಿಗೆ ಬಿಡದೆ ಬೇರೆ ದಾರಿಯಿಲ್ಲ. ಕಾಲುವೆಗಳಿಗೆ ಹರಿಸೋಣ ಎಂದರೆ ಎಡದಂಡೆ, ಬಲದಂಡೆ ಎಲ್ಲ ಸೇರಿ ಹತ್ತು ಸಾವಿರ ಕ್ಯುಸೆಕ್‌ನ ಆಸುಪಾಸು ಹಿಡಿದಾವು, ಅಷ್ಟೆ. ಅದರ ಬದಲು, ಘಟ್ಟದಲ್ಲಿ ಭಾರಿ ಮಳೆಯ ಮುನ್ಸೂಚನೆ ಬಂದ ದಿನವೇ ಗೇಟು ತೆರೆದು ಮೂರು ದಿನ 40 ಸಾವಿರ ಕ್ಯುಸೆಕ್‌ನಂತೆ ಬಿಟ್ಟಿದ್ದರೆ ಇನ್ನೂ 10 ಟಿಎಂಸಿಗೆ ಜಾಗ ಸಿಗುತ್ತಿತ್ತು. ನೆರೆಯ ನೆತ್ತಿ ಅಲ್ಲಿ ಇಳಿಯುತ್ತಿತ್ತು. 40 ಸಾವಿರ ಕ್ಯುಸೆಕ್‌ಗೂ ಒಂದೂವರೆ ಲಕ್ಷ ಕ್ಯುಸೆಕ್‌ಗೂ ಇರುವ ಅಂತರ ಏನೆಂದು ನದಿ ದಂಡೆಯವರನ್ನು ಕೇಳಬೇಕು. ಲಕ್ಷ ದಾಟುವ ಹೊತ್ತಿಗೆ ಹಂಪಿಯ ಪುರಂದರ ಮಂಟಪ ಮುಳುಗಿರುತ್ತದೆ, ಆನೆಗೊಂದಿಯ ನವವೃಂದಾವನಕ್ಕೆ ದೋಣಿ ನಿಂತಿರುತ್ತದೆ. ಇನ್ನೂ ಏರಿದರೆ ಕಂಪ್ಲಿ–ಗಂಗಾವತಿ ಸೇತುವೆ ಮೇಲೆ ಓಡಾಟ ಬಂದ್.

ನದಿಗೆ ಪಂಪ್‌ಸೆಟ್ ಇಟ್ಟುಕೊಂಡ ರೈತರ ಪಾಡು ಬೇರೆಯೇ. ಗೇಟು ಎತ್ತುತ್ತಾರಂತೆ ಎಂಬ ಮಾತು ಸಂಜೆ ಕಿವಿಗೆ ಬಿದ್ದರೆ ರಾತ್ರೋರಾತ್ರಿ ನಾಲ್ಕು ಜನ ಸೇರಿ ಮೋಟರಿಗೆ ಹಗ್ಗ ಕಟ್ಟಿ, ಕೆಸರಿನಲ್ಲಿ ಕಾಲು ಜಾರುತ್ತ, ದಂಡೆಯ ಮೇಲಕ್ಕೆ ಎಳೆಯಬೇಕು. ಪೈಪು ಬಿಚ್ಚಲು ಹೊತ್ತು ಸಾಲದೆ ಅಲ್ಲೇ ಬಿಟ್ಟು ಬರುತ್ತಾರೆ. ನೀರು ಇಳಿದ ಮೇಲೆ ಮತ್ತೆ ಇಳಿಸಿ ಕೂರಿಸಿದರೆ, ನಾಲ್ಕು ದಿನಕ್ಕೆ ಮತ್ತೆ ಗೇಟು. ‘ನದಿ ಪಾತ್ರದ ಜನ ಎಚ್ಚರದಿಂದಿರಬೇಕು’ ಎಂಬ ಒಂದು ಸಾಲಿನ ಪ್ರಕಟಣೆಯಿಂದ ಇವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಹೊತ್ತಿಗೆ, ಎಷ್ಟು ನೀರು, ತಮ್ಮೂರ ದಂಡೆಗೆ ಎಲ್ಲಿಯವರೆಗೆ ಬರುತ್ತದೆ? ಅವರಿಗೆ ಬೇಕಾದದ್ದು ಇಷ್ಟೆ.

ಹಾಗಾದರೆ ಮೊದಲೇ ಯಾಕೆ ಬಿಡುವುದಿಲ್ಲ? ಅಣೆಕಟ್ಟೆಯ ಎಂಜಿನಿಯರುಗಳಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು. ಅವರನ್ನು ತಡೆಯುವುದು ಭಯ, ಅದಕ್ಕೆ ಕಾರಣವೂ ಇದೆ. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯಾದ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ತುಂಗಭದ್ರಾ ಜಲಾಶಯ ತುಂಬಲೇ ಇಲ್ಲ, ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಆ ಜುಲೈನಲ್ಲಿ ಯಾರಾದರೂ ಮುನ್ಸೂಚನೆ ನಂಬಿ 10 ಟಿಎಂಸಿ ನದಿಗೆ ಬಿಟ್ಟಿದ್ದರೆ ಆ ಅಧಿಕಾರಿಯ ಗತಿ ಏನಾಗುತ್ತಿತ್ತು? ಮುನಿರಾಬಾದ್‌ನಲ್ಲಿ ನೀರಾವರಿ ಸಲಹಾ ಸಮಿತಿಯ ಸಭೆ ಸೇರಿದಾಗ ಶಾಸಕರು ಕೇಳುವ ಮೊದಲ ಪ್ರಶ್ನೆಯೇ ನೀರು ಯಾಕೆ ಪೋಲು ಮಾಡಿದಿರಿ ಎಂಬುದು. ತುಂಬಿಸಿಕೊಂಡು ಆಮೇಲೆ ಒಮ್ಮೆಲೇ ಬಿಟ್ಟು ಊರು ಮುಳುಗಿದರೆ ಅದು ಪ್ರಕೃತಿ ವಿಕೋಪ. ಮೊದಲೇ ಬಿಟ್ಟು ಮಳೆ ಕೈಕೊಟ್ಟರೆ ಅದು ಅಧಿಕಾರಿಯ ತಪ್ಪು. ಹೀಗೆ ತಕ್ಕಡಿ ಒಂದೇ ಕಡೆ ವಾಲಿರುವಾಗ ಯಾವ ಎಂಜಿನಿಯರ್ ತಾನೇ ಜಾಗ ಖಾಲಿ ಇಡುವ ಧೈರ್ಯ ಮಾಡಿಯಾನು?

ಕಾಲುವೆಯ ಕೊನೆ ಭಾಗದ ರೈತರ ಸಿಟ್ಟನ್ನೂ ನಾನು ಹಗುರವಾಗಿ ನೋಡುವುದಿಲ್ಲ. ಎಡದಂಡೆ ಮುಖ್ಯ ಕಾಲುವೆ 227 ಕಿ.ಮೀ. ಉದ್ದ. ಮಾನ್ವಿ, ಸಿರವಾರ ಕಡೆಯವರಿಗೆ ಜಲಾಶಯ ತುಂಬಿದ ವರ್ಷವೂ ನೀರು ತಲುಪುವ ಭರವಸೆಯಿಲ್ಲ. 69ನೇ ಮೈಲಿನಲ್ಲಿ ಗೇಜು ಎಷ್ಟು, 104ನೇ ಮೈಲಿನಲ್ಲಿ ಎಷ್ಟು ಎಂಬುದೇ ಅಲ್ಲಿ ದಿನದ ಜಗಳ. ನದಿಯಲ್ಲಿ ಲಕ್ಷ ಕ್ಯುಸೆಕ್ ಹರಿದು ಆಂಧ್ರಕ್ಕೆ ಹೋಗುತ್ತಿರುವಾಗ ತಮ್ಮ ಗದ್ದೆಯಲ್ಲಿ ನೆಲ ಬಿರುಕು ಬಿಟ್ಟಿದ್ದನ್ನು ನೋಡುವವರಿಗೆ ‘ಮುಂಜಾಗ್ರತೆಗಾಗಿ ಬಿಡುತ್ತಿದ್ದೇವೆ’ ಎಂದರೆ ಹೊಟ್ಟೆ ಉರಿಯದೆ ಇದ್ದೀತೇ? ಆದರೆ ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಈ ಯೋಜನೆ ರೂಪಿಸಿದಾಗ ಅಚ್ಚುಕಟ್ಟಿನ ಬಹುಪಾಲಿಗೆ ಹೇಳಿದ್ದು ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು. ಮೇಲ್ಭಾಗದಲ್ಲಿ ಎಲ್ಲೆಲ್ಲೂ ಭತ್ತವಾಗಿ, ಕಾಲುವೆಗೇ ಪಂಪ್ ಇಟ್ಟು ಎತ್ತುವುದು ನಡೆದಿರುವಾಗ ಕೊನೆ ಭಾಗದವರಿಗೆ ಅನ್ಯಾಯವಾಗುತ್ತಿರುವುದು ಕಾಲುವೆಯಲ್ಲೇ. ಜಲಾಶಯವನ್ನು ಜುಲೈನಲ್ಲೇ ಕಂಠಪೂರ್ತಿ ತುಂಬಿಸಿದರೂ ಅದು ಸರಿಯಾಗುವುದಿಲ್ಲ.

ಭಯಕ್ಕೆ ಮದ್ದು ನಿಯಮ. ಯಾವ ತಾರೀಕಿಗೆ ಜಲಾಶಯದಲ್ಲಿ ಎಷ್ಟು ಮಟ್ಟದವರೆಗೆ ನೀರು ಇರಬಹುದು, ಎಷ್ಟು ಜಾಗ ಬಿಟ್ಟಿರಬೇಕು ಎಂದು ಮೊದಲೇ ಗೆರೆ ಎಳೆದಿಡುವುದಕ್ಕೆ ಎಂಜಿನಿಯರುಗಳು ರೂಲ್ ಕರ್ವ್ ಎನ್ನುತ್ತಾರೆ. ಜುಲೈನಲ್ಲಿ ಹೆಚ್ಚು ಜಾಗ, ಆಗಸ್ಟ್‌ನಲ್ಲಿ ಅದಕ್ಕಿಂತ ಕಡಿಮೆ, ಸೆಪ್ಟೆಂಬರ್ ದಾಟುತ್ತಿದ್ದಂತೆ ಪೂರ್ತಿ. ಮಳೆಯ ಮುನ್ಸೂಚನೆ ನೋಡಿಕೊಂಡು ಗೆರೆಯ ಆಚೀಚೆ ಸ್ವಲ್ಪ ಸರಿಯಲು ಅವಕಾಶ. 2018ರ ಮಹಾಪೂರದ ನಂತರ ಕೇರಳದ ಇಡುಕ್ಕಿಯಲ್ಲಿ ಇದನ್ನು ಗಟ್ಟಿಯಾಗಿ ಹಿಡಿದರು. 2021ರ ಅಕ್ಟೋಬರ್‌ನಲ್ಲಿ ಜಲಾಶಯ ಪೂರ್ತಿ ತುಂಬುವ ಮೊದಲೇ ಗೆರೆಗೆ ತಕ್ಕಂತೆ ಗೇಟು ತೆರೆದರು. ಗೆರೆ ಎಲ್ಲರಿಗೂ ಗೊತ್ತಿದ್ದರೆ ಅಧಿಕಾರಿ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ನಮ್ಮಲ್ಲಿ ಇಂಥ ಗೆರೆಗಳು ಕಚೇರಿಯ ಕಡತ ಬಿಟ್ಟು ಜನರ ಕಣ್ಣಿಗೆ ಬೀಳುವುದಿಲ್ಲ. ಪತ್ರಿಕೆಯ ಆ ಚೌಕದಲ್ಲಿ ‘ಇಂದು ಇರಬೇಕಾದ ಮಟ್ಟ’ ಎಂಬ ಇನ್ನೊಂದು ಸಾಲು ಯಾಕೆ ಇರಬಾರದು?

ಸೆಪ್ಟೆಂಬರ್ ದಾಟಿದರೆ ಪೂರ್ತಿ ನಿಶ್ಚಿಂತೆ ಎಂದೂ ಅಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರವನ್ನು ಉತ್ತರ ಕರ್ನಾಟಕ ಮರೆಯುವಂತಿಲ್ಲ. ಮಳೆಗಾಲ ಮುಗಿಯಿತು ಎಂದುಕೊಂಡ ಹೊತ್ತಿಗೆ ವಾಯುಭಾರ ಕುಸಿತದ ಮಳೆ ಬಯಲುಸೀಮೆಯ ಮೇಲೇ ಸುರಿಯಿತು. ವಿಜಯಪುರ, ಬಾಗಲಕೋಟೆ, ರಾಯಚೂರಿನಲ್ಲಿ ಮಣ್ಣಿನ ಮನೆಗಳು ಕುಸಿದವು, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕೃಷ್ಣೆ, ತುಂಗಭದ್ರೆ ಎರಡೂ ಒಟ್ಟಿಗೆ ಉಕ್ಕಿ ಕರ್ನೂಲು ನಗರ ಮುಳುಗಿತು. ಶ್ರೀಶೈಲಕ್ಕೆ ಸುಮಾರು 25 ಲಕ್ಷ ಕ್ಯುಸೆಕ್ ನುಗ್ಗಿತು. ಅಷ್ಟು ನೀರಿಗೆ ಯಾವ ಜಾಗವೂ ಸಾಲದು, ಒಪ್ಪುತ್ತೇನೆ. ಆದರೆ ಅಂಥ ದಿನ ಮೊದಲ ಹನ್ನೆರಡು ಗಂಟೆ ಉಳಿದರೂ ಸಾಕು, ಜನರನ್ನು ಎಬ್ಬಿಸಿ ಎತ್ತರಕ್ಕೆ ಕಳಿಸಬಹುದು.

ಒಂದೇ ಅಣೆಕಟ್ಟೆಯಿಂದ ಇದು ಆಗುವ ಕೆಲಸವೂ ಅಲ್ಲ. ತುಂಗೆಗೆ ಹಿಡಿದಿಡುವ ಶಕ್ತಿಯಿಲ್ಲ, ವರದೆಯ ಮೇಲೆ ದೊಡ್ಡ ಜಲಾಶಯವೇ ಇಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ ಮಾತ್ರ 71.5 ಟಿಎಂಸಿಯ ಹೊಟ್ಟೆಯಿದೆ. ತುಂಗೆ ಉಕ್ಕಿದ ಎರಡು ದಿನ ಭದ್ರೆಯನ್ನು ತಡೆದು ಹಿಡಿದರೆ ಹೊಸಪೇಟೆಗೆ ಬರುವ ನೆರೆಯ ನೆತ್ತಿ ತಗ್ಗುತ್ತದೆ. ಹಿಡಿಯಲು ಭದ್ರೆಯಲ್ಲಿ ಜಾಗ ಇರಬೇಕು, ಅಷ್ಟೆ. ಭದ್ರೆ ರಾಜ್ಯದ ಕೈಯಲ್ಲಿದೆ, ತುಂಗಭದ್ರೆ ಅಂತರರಾಜ್ಯ ಮಂಡಳಿಯ ಕೈಯಲ್ಲಿದೆ. ಇಬ್ಬರೂ ಒಂದೇ ಲೆಕ್ಕದ ಹಾಳೆ ಮುಂದಿಟ್ಟುಕೊಂಡು ಕೂರಬೇಕು. 2019ರ ಕೃಷ್ಣಾ ನೆರೆಯಲ್ಲಿ ಪೆಟ್ಟು ತಿಂದ ಮೇಲೆ ಆಲಮಟ್ಟಿ ಮತ್ತು ಕೊಯ್ನಾ ಕಡೆಯ ಎಂಜಿನಿಯರುಗಳು ಮಳೆಗಾಲದಲ್ಲಿ ಒಬ್ಬರಿಗೊಬ್ಬರು ಅಂಕಿ ಕೊಟ್ಟುಕೊಂಡು ಕೆಲಸ ಮಾಡುವುದು ಹೆಚ್ಚಾಗಿದೆ. ಎರಡು ರಾಜ್ಯಗಳ ನಡುವೆ ಆಗುವುದು ಒಂದೇ ರಾಜ್ಯದೊಳಗೆ ಯಾಕಾಗದು?

ಇನ್ನು 2024ರ ಆಗಸ್ಟ್ 10ರ ರಾತ್ರಿ. ತುಂಬಿ ನಿಂತ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ, 60 ಅಡಿ ಅಗಲದ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು 33 ಗೇಟುಗಳ ಸಾಲಿನಲ್ಲಿ ಉಳಿದವನ್ನೂ ಎತ್ತಿದರು. ಲಕ್ಷ ಕ್ಯುಸೆಕ್ ನದಿಗೆ ಹೋಯಿತು. ಹೊಸ ಗೇಟು ಕೂರಿಸಬೇಕಾದರೆ ಜಲಾಶಯವನ್ನು 1613 ಅಡಿಯವರೆಗೆ ಇಳಿಸಬೇಕು, 60 ಟಿಎಂಸಿ ಕಳೆದುಕೊಳ್ಳಬೇಕು ಎಂದೇ ಎಲ್ಲರೂ ಕೈಚೆಲ್ಲಿದ್ದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳ್ತನದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್‌ನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರು. 70 ಟಿಎಂಸಿಯಷ್ಟು ಉಳಿಯಿತು. ಆ ಕಾರ್ಮಿಕರಿಗೆ ಈ ಸೀಮೆ ಋಣಿ. ಮಳೆಯೂ ಮತ್ತೆ ಕೈಹಿಡಿಯಿತು, ಜಲಾಶಯ ಚೇತರಿಸಿಕೊಂಡಿತು. ಆದರೆ ಮರುವರ್ಷ, 2025ರಲ್ಲಿ, ಹಳೆಯ ಗೇಟುಗಳ ಮೇಲೆ ನಂಬಿಕೆ ಸಾಲದೆ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಮಳೆ ಬಂದರೂ ಹಿಡಿದಿಡಲಾಗದೆ ನದಿಗೆ ಬಿಟ್ಟರು. ಚೈನು, ಗೇಟು, ಎಣ್ಣೆ, ಬಣ್ಣ ಎಂಬ ನಿರ್ವಹಣೆಯ ಸಣ್ಣ ಖರ್ಚನ್ನು ಮುಂದೂಡಿದರೆ ಅದು ಎಲ್ಲಿ ಬಂದು ಮುಟ್ಟುತ್ತದೆ ಎಂಬುದನ್ನು ರೈತರು ತಮ್ಮ ಗದ್ದೆಯಲ್ಲಿ ಅನುಭವಿಸಿದರು.

ಹೂಳಿನ ಕಥೆ ಇನ್ನೂ ಹಳೆಯದು. 1953ರಲ್ಲಿ ಕಟ್ಟಿ ಮುಗಿಸಿದಾಗ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ ಲೆಕ್ಕ ಹಿಡಿಯುವುದು 105.788. ಹೂಳು ನುಂಗಿದ ಜಾಗ ಕಬಿನಿ ಜಲಾಶಯದ ಪೂರ್ತಿ ಸಾಮರ್ಥ್ಯಕ್ಕಿಂತ ದೊಡ್ಡದು. ನೆರೆಗೆಂದು ಬಿಡಬಹುದಾಗಿದ್ದ ಜಾಗವೇ ಇದು. ಪೂರ್ತಿ ಹೂಳೆತ್ತುವುದು ಆಗದ ಮಾತು ಎಂದು ಸರ್ಕಾರಗಳು ಕೈತೊಳೆದುಕೊಂಡು ನವಲಿಯ ಸಮತೋಲನ ಜಲಾಶಯದತ್ತ ಬೆರಳು ತೋರಿಸುತ್ತ ಬಂದಿವೆ. ಅದಕ್ಕೆ ಆಂಧ್ರ, ತೆಲಂಗಾಣ ಒಪ್ಪಬೇಕು. ಅವು ಒಪ್ಪುವವರೆಗೆ ಕೈಕಟ್ಟಿ ಕೂರುವ ಬದಲು, ನದಿ ತುಂಬಿ ಹರಿಯುವ ಆ ಹದಿನೈದು–ಇಪ್ಪತ್ತು ದಿನ ಏತ ನೀರಾವರಿ ಪಂಪುಗಳನ್ನು ಹಗಲೂ ರಾತ್ರಿ ಓಡಿಸಿ ಕೊಪ್ಪಳ, ವಿಜಯನಗರ, ಬಳ್ಳಾರಿಯ ಕೆರೆಗಳನ್ನು ತುಂಬಿಸಬಹುದು. ವಿಜಯನಗರದ ಅರಸರು ಇದೇ ನದಿಗೆ ಒಡ್ಡು ಕಟ್ಟಿ ತೋಡಿಸಿದ ಕಾಲುವೆಗಳಲ್ಲಿ ಕೆಲವು ಇಂದಿಗೂ ಹರಿಯುತ್ತಿವೆ, ಕಮಲಾಪುರದ ಕೆರೆ ಇಂದಿಗೂ ನೀರು ಹಿಡಿಯುತ್ತಿದೆ. ನದಿ ಕೆಂಪಾಗಿ ಉಕ್ಕಿ ಹರಿಯುವಾಗ ಹತ್ತು ಮೈಲಿ ಆಚೆಯ ಊರಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರೆ ಅದನ್ನು ನಾವು ಸಹಿಸಿಕೊಳ್ಳಬಾರದು. ಪಂಪಿನ ವಿದ್ಯುತ್ ಬಿಲ್ಲಿನ ನೆಪ ಹೇಳುವ ಮೊದಲು ನೆರೆ ಪರಿಹಾರಕ್ಕೆ ವರ್ಷ ವರ್ಷ ಕೊಡುವ ಹಣವನ್ನು ಪಕ್ಕದಲ್ಲಿಟ್ಟು ನೋಡಲಿ.

33 ಗೇಟುಗಳನ್ನೂ ಬದಲಿಸುವ ತೀರ್ಮಾನ ಆಗಿದೆ, ಸಂತೋಷ. ಹೊಸ ಗೇಟಿನ ಜೊತೆಗೆ ಹೊಸ ನಿಯಮವೂ ಬರಲಿ. ಮಳೆಗಾಲ ಶುರುವಾಗುವ ಮೊದಲು, ಮೇ ತಿಂಗಳಲ್ಲೇ, ತುಂಗಭದ್ರಾ ಮಂಡಳಿ ಮತ್ತು ಜಲಸಂಪನ್ಮೂಲ ಇಲಾಖೆ ಭದ್ರಾ, ತುಂಗಭದ್ರಾ ಎರಡಕ್ಕೂ ತಾರೀಕುವಾರು ಮಟ್ಟದ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಲಿ. ನೀರಾವರಿ ಸಲಹಾ ಸಮಿತಿಯಲ್ಲಿ ಶಾಸಕರ ಪಕ್ಕದಲ್ಲಿ 104ನೇ ಮೈಲಿನಾಚೆಯ ಇಬ್ಬರು ರೈತರಿಗೆ, ಕಂಪ್ಲಿ–ಸಿರುಗುಪ್ಪ ದಂಡೆಯ ಇಬ್ಬರಿಗೆ ಕುರ್ಚಿ ಹಾಕಲಿ. ನಿಯಮದ ಪ್ರಕಾರ ನೀರು ಬಿಟ್ಟ ಎಂಜಿನಿಯರ್‌ನನ್ನು, ಆಮೇಲೆ ಮಳೆ ಕೈಕೊಟ್ಟರೂ, ಯಾರೂ ಸಭೆಯಲ್ಲಿ ನಿಲ್ಲಿಸಿ ಬೈಯುವಂತಿಲ್ಲ ಎಂದು ಸರ್ಕಾರ ಬರೆದುಕೊಡಲಿ.