ಕೆಂಚನ ಕಾಮಾಲೆ

ಕಳೆದ ಸಂಚಿಕೆಯಲ್ಲಿ ನಮ್ಮ ಈ ಪುಟ ಕಾಣಲಿಲ್ಲವೇಕೆಂದು ಕೆಲವು ಮಂದಿ ಓದುಗರು ಸಂಪಾದಕರನ್ನು ವಿಚಾರಿಸಿದರಂತೆ. ಕಚೇರಿಯಲ್ಲಾಗಿದ್ದರೆ ‘ಗೃಹಕೃತ್ಯದ ನಿಮಿತ್ತ’ ಎಂದು ಒಂದು ಸಾಲು ಬರೆದುಕೊಟ್ಟು ಪಾರಾಗಬಹುದಿತ್ತು. ಮನೆಯವರಂತಿರುವ ನಿಮ್ಮ ಮುಂದೆ ಆ ಸಬೂಬು ನಡೆಯದು. ನಿಜವಾದ ಕಾರಣವನ್ನೇ ಹೇಳಿಬಿಡುತ್ತೇನೆ: ನಮ್ಮ ನಾಯಿಗೆ ಕಾಮಾಲೆಯಾಗಿತ್ತು. ನಗುವವರು ಈಗಲೇ ನಕ್ಕುಬಿಡಿ. ನಾಯಿ ಬದುಕಿಕೊಂಡಿರುವುದರಿಂದ ನಾನೂ ನಿಮ್ಮ ಜೊತೆ ನಗಬಲ್ಲೆ.

ನಮ್ಮ ಕೆಂಚ ಜಾತಿವಂತ ನಾಯಿಯೇನಲ್ಲ. ಐದು ವರ್ಷದ ಹಿಂದೆ ಒಂದು ಮಳೆಯ ಸಂಜೆ ಕಾಚಿಗುಡ ಸ್ಟೇಷನ್ನಿನಿಂದ ಮನೆಗೆ ನಡೆದು ಬರುತ್ತಿದ್ದಾಗ, ನನ್ನ ಕೊಡೆಯ ನೆರಳಿನಲ್ಲಿ ತಾನೂ ನಡೆದು ಬಂದ ಮರಿ ಅದು. ಮೈ ಕೆಂಪಗಿದ್ದುದರಿಂದ ಅವ್ವ ‘ಕೆಂಚ’ ಎಂದು ಕರೆದಳು. ನಮ್ಮ ಕಟ್ಟಡದ ವಾಚ್‌ಮನ್ ತನ್ನ ತೆಲುಗಿನಲ್ಲಿ ‘ಎರ್ರೋಡು’ ಎಂದ. ಅರ್ಥವೇನೋ ಒಂದೇ. ಕನ್ನಡದಲ್ಲಿ ಕರೆದರೆ ರೊಟ್ಟಿ, ತೆಲುಗಿನಲ್ಲಿ ಕರೆದರೆ ಪೆರುಗನ್ನ ಎಂಬುದನ್ನು ಅರಿತ ಆ ನಾಯಿ, ನಮ್ಮ ಮಕ್ಕಳಿಗಿಂತ ಬೇಗ ಎರಡೂ ಭಾಷೆಯನ್ನು ಕಲಿತುಕೊಂಡಿತು.

ಶ್ರಾವಣದ ಒಂದು ಸೋಮವಾರ ಅವ್ವ ಬಂದು, “ಯಾಕೋ ಕೆಂಚ ಇವತ್ತ ರೊಟ್ಟಿ ಮೂಸಿನೂ ನೋಡವಲ್ದು” ಎಂದಳು. ನಾನು ಪೇಪರಿನಿಂದ ತಲೆಯೆತ್ತದೆ, “ಸೋಮವಾರ ಒಪ್ಪತ್ತು ಮಾಡ್ಯಾನ, ಬಿಡವ್ವಾ” ಎಂದೆ. ಆ ಚೇಷ್ಟೆಯ ಮಾತು ಮುಂದೆ ಒಂದು ವಾರ ನನ್ನ ಕಿವಿಯಲ್ಲೇ ಇತ್ತು. ರಾತ್ರಿ ಹಳದಿ ನೀರು ವಾಂತಿ ಮಾಡಿಕೊಂಡಿತು. ಮಂಗಳವಾರವೆಲ್ಲ ಮೂಲೆ ಬಿಟ್ಟು ಏಳಲಿಲ್ಲ. ನೀರು ಕುಡಿಯುವುದು, ಕಕ್ಕುವುದು, ಇಷ್ಟೇ. ಬುಧವಾರ ಬೆಳಿಗ್ಗೆ ನನ್ನ ಮಗಳು ಅದರ ಮುಂದೆ ಕುಳಿತವಳು, “ಅಪ್ಪಾ, ಕೆಂಚನ ಕಣ್ಣು ಹಳದಿ ಆಗ್ಯಾವ” ಎಂದಳು. ತುಟಿಯೆತ್ತಿ ನೋಡಿದರೆ ಒಸಡಿಗೆ ಅರಿಶಿನ ಸವರಿದ ಹಾಗಿದೆ. ಮೂತ್ರ ಕಡುಚಹದ ಬಣ್ಣ. ಅವ್ವ ಕೂಡಲೆ ನೆಲನೆಲ್ಲಿ ತರಿಸಲು ಹೊರಟಳು. ನಾನು ಆಟೋ ತರಿಸಿದೆ.

ನಾರಾಯಣಗುಡದ ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟರಮ್ಮ ನಾಯಿಯ ಹೊಟ್ಟೆ ಒತ್ತಿ ನೋಡಿ, ರಕ್ತ ತೆಗೆದು, ಸಲೈನ್ ಹಚ್ಚಿದರು. ಸಂಜೆಗೆ ಬಂದ ವರದಿಯಲ್ಲಿ ಎಸ್.ಜಿ.ಪಿ.ಟಿ. ಎಂಬುದು 1,400ರ ಮೇಲಿತ್ತು. ನಾಯಿಗೆ ಅದು ನೂರರ ಆಸುಪಾಸಿನಲ್ಲಿರಬೇಕಂತೆ. ಈ ವಸ್ತು ಇರಬೇಕಾದದ್ದು ಯಕೃತ್ತಿನ ಕಣಗಳೊಳಗೆ. ಕಣಗಳು ಒಡೆದಾಗ ರಕ್ತಕ್ಕೆ ಸೋರುತ್ತದೆ. ಎಷ್ಟು ಸೋರಿದೆಯೋ ಅಷ್ಟು ಹಾನಿ ಒಳಗೆ ನಡೆದಿದೆಯೆಂದು ತಿಳಿಯಬೇಕು. ನಮ್ಮ ಕಡೆ ಹಿರಿಯರು ಈಲಿ ಎನ್ನುವ ಈ ಯಕೃತ್ತು ದೇಹವೆಂಬ ಕಚೇರಿಯ ಹೆಡ್ ಗುಮಾಸ್ತೆ ಎಂದು ನನಗೆ ತೋರಿತು. ಬಂದ ವಿಷವನ್ನೆಲ್ಲ ವಿಲೇವಾರಿ ಮಾಡುವುದು, ಪಿತ್ತ ತಯಾರಿಸುವುದು, ಸಕ್ಕರೆಯ ಲೆಕ್ಕ ನೋಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಸಾಮಗ್ರಿ ಒದಗಿಸುವುದು ಎಲ್ಲವೂ ಅದರ ಮೇಜಿನ ಮೇಲೆಯೇ. ಅದು ಮಲಗಿದರೆ ಉಳಿದ ಸಿಬ್ಬಂದಿ ಎಷ್ಟೇ ದಕ್ಷರಾಗಿದ್ದರೂ ಕೆಲಸ ಸಾಗದು.

ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, “ಏನು ತಿಂದಿತ್ತು?”

ಇಲ್ಲಿಂದ ನನ್ನ ಅವಿವೇಕ ಶುರುವಾಯಿತು. ಹಿಂದಿನ ವಾರವಷ್ಟೇ ವಾಚ್‌ಮನ್ ಮೀಟರು ಕೋಣೆಯಲ್ಲಿ ಇಲಿ ಪಾಷಾಣ ಇಟ್ಟಿದ್ದನ್ನು ನೋಡಿದ್ದೆ. ಆ ಮುಲಾಮಿನಲ್ಲಿ ಹಳದಿ ರಂಜಕವಿದ್ದರೆ ಅದು ಈಲಿಯನ್ನೇ ಹಿಡಿಯುತ್ತದೆ, ಮನುಷ್ಯರೂ ಅದರಿಂದ ಸತ್ತಿದ್ದಾರೆ ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ನನಗೆ ಮತ್ತೇನೂ ಬೇಕಾಗಲಿಲ್ಲ. ಮನೆಗೆ ಬಂದವನೇ ಗೇಟಿನ ಮುಂದೆ, ನಾಲ್ಕು ಜನರೆದುರಿಗೆ, ವಾಚ್‌ಮನ್ನನ್ನು ಬಾಯಿಗೆ ಬಂದ ಹಾಗೆ ಅಂದೆ. ಅವನು ಮಹಬೂಬ್‌ನಗರದ ಕಡೆಯ ಮನುಷ್ಯ, ನನಗಿಂತ ಇಪ್ಪತ್ತು ವರ್ಷಕ್ಕೆ ಹಿರಿಯ. ತಲೆ ತಗ್ಗಿಸಿ ಕೇಳಿಸಿಕೊಂಡು, “ನಾನು ಎರ್ರೋಡಿಗೆ ವಿಷ ಹಾಕುತ್ತೇನೆಯೆ ಸಾರ್? ಆ ಕೋಣೆಗೆ ಬೀಗವಿದೆ” ಎಂದಷ್ಟೇ ಹೇಳಿದ. ಬೀಗವಿದ್ದದ್ದು ನಿಜ. ನಾನು ಅದನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ನಾಯಿಗೆ ನಿಲ್ಲಲೂ ತ್ರಾಣವಿರಲಿಲ್ಲ. ನಮ್ಮದು ಮೂರನೆಯ ಮಹಡಿ, ಲಿಫ್ಟು ಕೆಟ್ಟು ತಿಂಗಳಾಗಿತ್ತು. ನಾನೂ ನನ್ನವಳೂ ಅದನ್ನು ಬೆಡ್‌ಶೀಟಿನಲ್ಲಿ ಎತ್ತಲು ಒದ್ದಾಡುತ್ತಿರುವಾಗ ವಾಚ್‌ಮನ್ ಮೇಲೆ ಬಂದು, ಏನೂ ಮಾತಾಡದೆ ಕೆಂಚನನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದು, ಆಟೋದಲ್ಲಿ ಮಲಗಿಸಿದ. ಶುಕ್ರವಾರವೂ ಹಾಗೆಯೇ, ಶನಿವಾರವೂ ಹಾಗೆಯೇ. ನಾನು ಮುಖ ಬೇರೆ ಕಡೆ ತಿರುಗಿಸಿಕೊಂಡು ಆಟೋ ಹತ್ತುತ್ತಿದ್ದೆ.

ಚಿಕಿತ್ಸೆ ಏನೆಂದರೆ, ಸಲೈನು, ಗ್ಲೂಕೋಸು, ವಾಂತಿ ನಿಲ್ಲುವ ಚುಚ್ಚುಮದ್ದು, ರಕ್ತಸ್ರಾವವಾಗದಂತೆ ‘ಕೆ’ ವಿಟಮಿನ್, ಸೋಂಕಿದ್ದರೆ ಇರಲೆಂದು ಆಂಟಿಬಯಾಟಿಕ್. ವಾಂತಿ ನಿಂತ ಮೇಲೆ ಯಕೃತ್ತಿಗೆ ಆಸರೆಯಾಗುವ ಮಾತ್ರೆಗಳು. “ಇದಕ್ಕೆ ಇದೇ ಮದ್ದು ಎಂಬುದು ಇಲ್ಲ. ನಾವು ಪ್ರಾಣವನ್ನು ಹಿಡಿದು ನಿಲ್ಲಿಸಿದರೆ ಯಕೃತ್ತು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ” ಎಂದರು ಡಾಕ್ಟರಮ್ಮ. ಇದು ಬರಿಯ ಸಮಾಧಾನದ ಮಾತಲ್ಲ. 1931ರಲ್ಲಿ ಅಮೆರಿಕದ ಹಿಗ್ಗಿನ್ಸ್ ಮತ್ತು ಆಂಡರ್ಸನ್ ಎಂಬ ಇಬ್ಬರು ಇಲಿಗಳ ಯಕೃತ್ತಿನ ಮೂರರಲ್ಲೆರಡು ಪಾಲನ್ನು ಕತ್ತರಿಸಿ ತೆಗೆದು ನೋಡಿದರು. ಒಂದೆರಡು ವಾರಗಳಲ್ಲಿ ಅದು ಮೊದಲಿನ ತೂಕಕ್ಕೆ ಬೆಳೆದುಕೊಂಡಿತು. ಆದರೆ ಹಾನಿ ಒಂದು ಮಿತಿಯನ್ನು ದಾಟಿದರೆ ಬೆಳೆಯಲು ಉಳಿದಿರುವುದಾದರೂ ಏನು? ಕೆಂಚ ಆ ಮಿತಿಯ ಯಾವ ಕಡೆಗಿದ್ದಾನೆ ಎಂಬುದು ಶನಿವಾರದವರೆಗೆ ಯಾರಿಗೂ ತಿಳಿದಿರಲಿಲ್ಲ.

ಆ ಶನಿವಾರವೇ ಎರಡನೆಯ ಆರೋಪಿ ಸಿಕ್ಕಿದ್ದು. ಅವ್ವ ಬೇಸಿಗೆಯಲ್ಲಿ ರಾಯಚೂರು ಕಡೆಯ ನಮ್ಮೂರಿನಿಂದ ಒಂದು ಚೀಲ ಶೇಂಗಾ ಕಾಳು ತಂದಿದ್ದಳು. ಪರಊರಿನಲ್ಲಿರುವ ನಮಗೆ ಅಂಥ ಚೀಲವೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಅಡಿಗೆಮನೆಯ ಗೋಡೆ ಮಳೆಗೆ ಒಸರುತ್ತದೆ. ಚೀಲ ಅದಕ್ಕೇ ಆತು ನಿಂತಿತ್ತು. ನನ್ನವಳು ಅದನ್ನು ಎಳೆದು ನೋಡಿದರೆ ಒಂದು ಮಗ್ಗುಲೆಲ್ಲ ಹಸಿರು ಬೂಷ್ಟು. ಅವ್ವ ನೋಡುತ್ತಲೇ ಕುಸಿದು ಕೂತಳು. ಆಮೇಲೆ ತಿಳಿಯಿತು: ಒಂದು ತಿಂಗಳಿಂದ ಅವಳು ಒಳ್ಳೆಯ ಕಾಳನ್ನು ನಮ್ಮ ಹಿಂಡಿಗೆ ಆರಿಸಿಟ್ಟು, ಸುಕ್ಕಿದ್ದು, ಮುಗ್ಗಿದ್ದು, ಕಪ್ಪಾದದ್ದನ್ನು ಚೆಲ್ಲಲು ಮನಸ್ಸು ಬಾರದೆ ಹುರಿದು ಕುಟ್ಟಿ ಕೆಂಚನ ಅಂಬಲಿಗೆ ಹಾಕುತ್ತಿದ್ದಳು.

“ನಾನ ಕೈಯಾರೆ ಹಾಕೀನೋ ಯಪ್ಪಾ” ಎಂದಳು. ಆ ರಾತ್ರಿ ಅವಳು ಉಣ್ಣಲಿಲ್ಲ.

ಬೂಷ್ಟಿನ ವಿಷಯವನ್ನು ಡಾಕ್ಟರಮ್ಮನಿಗೆ ಹೇಳಿದಾಗ ಅವರು ತಲೆಯಾಡಿಸಿದರು. ಅವರು ಹೇಳಿದ್ದನ್ನೂ ನಾನು ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುವುದು ಅಗತ್ಯ. ನಮ್ಮೆಲ್ಲರ ಮನೆಗೂ ಊರಿನ ಚೀಲ ಬರುತ್ತದಷ್ಟೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಶೋಧಿಸಿದಾಗ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷ ಹೊರಬಿತ್ತು. ಆ ಬೂಷ್ಟಿನ ಹೆಸರಿನಿಂದಲೇ ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಅಮೆರಿಕದ ದಕ್ಷಿಣದಲ್ಲಿ 1950ರ ದಶಕದಲ್ಲೇ ನಾಯಿಗಳಿಗೆ ಬರುತ್ತಿದ್ದ ಒಂದು ಯಕೃತ್ತಿನ ರೋಗಕ್ಕೆ ಕಾರಣ ತಿಳಿಯದೆ ವೈದ್ಯರು ‘ಹೆಪಟೈಟಿಸ್ ಎಕ್ಸ್’ ಎಂದು ಹೆಸರಿಟ್ಟಿದ್ದರು. ಅದೂ ಇದೇ ವಿಷವೆಂದು ಅನಂತರ ಗೊತ್ತಾಯಿತು.

ನಮ್ಮ ದೇಶದ ಕಥೆ ಇದಕ್ಕಿಂತ ದಾರುಣ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲದ ಮಳೆಗೆ ಮೆಕ್ಕೆಜೋಳ ನೆನೆದು ಬೂಷ್ಟು ಹಿಡಿಯಿತು. ಬೇರೆ ಕಾಳಿಲ್ಲದ ಬಡ ಆದಿವಾಸಿಗಳು ಅದನ್ನೇ ತಿಂದರು. 400ರ ಹತ್ತಿರ ಜನಕ್ಕೆ ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, 100ಕ್ಕೂ ಹೆಚ್ಚು ಮಂದಿ ಸತ್ತರು. ಅದೇ ಮನೆಗಳ ನಾಯಿಗಳಿಗೂ ಅದೇ ಕಾಯಿಲೆ, ಅದೇ ಸಾವು. ಆ ಹಳ್ಳಿಗಳ ಕಾಯಿಲೆಯನ್ನು ಶೋಧಿಸಿ 1975ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಬರೆದವರು ನಮ್ಮ ಹೈದರಾಬಾದಿನವರೇ. ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಅವರ ಸಂಗಡಿಗರು. ಆ ಸಂಸ್ಥೆಯ ಗೇಟಿನ ಮುಂದೆ ನಾನು ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೋ ಲೆಕ್ಕವಿಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ಚೀಲದ ಹಿಂಡಿಯನ್ನು ನನ್ನ ಮಕ್ಕಳೂ ತಿಂದಿದ್ದರು. ಮನೆಯ ಡಾಕ್ಟರಿಗೆ ಎಲ್ಲರನ್ನೂ ತೋರಿಸಿದೆ, ಯಾರಿಗೂ ಏನೂ ಆಗಿರಲಿಲ್ಲ. ಆರಿಸಿದ ಒಳ್ಳೆಯ ಕಾಳು ನಮಗೆ ಬಂದಿತ್ತು, ಕೆಟ್ಟದ್ದೆಲ್ಲ ಒಂದೇ ಕಡೆ ಸೇರಿ ಕೆಂಚನಿಗೆ ಹೋಗಿತ್ತು.

ಹಾಗಾದರೆ ಕಾರಣ ಸಿಕ್ಕಿತಲ್ಲ ಎನ್ನುವಿರಿ. ಇಲ್ಲ. ಚೀಲವನ್ನು ಪರೀಕ್ಷೆಗೆ ಕಳಿಸೋಣವೆಂದರೆ ನನ್ನವಳು ಆಗಲೇ ಅದನ್ನು ಕಾರ್ಪೊರೇಷನ್ನಿನ ಕಸದ ಗಾಡಿಗೆ ಹಾಕಿಬಿಟ್ಟಿದ್ದಳು. ಅಷ್ಟೇ ಅಲ್ಲ, ಮೂರನೆಯ ಆರೋಪಿಯೊಬ್ಬ ಇದ್ದ. ಇಲಿಯ ಮೂತ್ರ ಬಿದ್ದ ಮಳೆನೀರಿನಿಂದ ಇಲಿ ಜ್ವರ ಬರುತ್ತದೆ, ಅದೂ ಯಕೃತ್ತನ್ನು ಹಿಡಿಯುತ್ತದೆ. ಕೆಂಚನೋ ಆ ವಾರವೆಲ್ಲ ಬೀದಿಯ ನಿಂತ ನೀರಿನಲ್ಲಿ ಆಡಿದ್ದ. 1947ರಲ್ಲಿ ಸ್ವೀಡನ್ನಿನ ರೂಬಾರ್ಟ್ ಎಂಬವರು ವಿವರಿಸಿದ, ನಾಯಿಗಳಿಗೆ ಬರುವಂಥ ಒಂದು ವೈರಸ್ಸಿನ ಕಾಮಾಲೆಯೂ ಇದೆ. ಈ ಎರಡಕ್ಕೂ ಲಸಿಕೆಯಿದೆ. ಕಾರ್ಡು ತೆಗೆದು ನೋಡಿದರೆ ವರ್ಷದ ಲಸಿಕೆಯ ತಾರೀಖು ಕಳೆದು ನಾಲ್ಕು ತಿಂಗಳಾಗಿತ್ತು. ಬಾಕಿ ಕಾಗದಗಳಿಗೆ ಊರಿಗೆಲ್ಲ ಜ್ಞಾಪನಪತ್ರ ಬರೆಯುವುದೇ ನನ್ನ ಹೊಟ್ಟೆಪಾಡು! ಹೀಗಾಗಿ ಮೂರನೆಯ ಆರೋಪಿ ನಾನೇ. ಇಲಿ ಜ್ವರದ ಪರೀಕ್ಷೆಯನ್ನು ಎರಡು ಸಲ ಮಾಡಿಸಿದೆವು, ಎರಡು ಸಲವೂ ಇಲ್ಲವೆಂದೇ ಬಂತು. ಮೊದಲೇ ಔಷಧ ಬಿದ್ದಿದ್ದರಿಂದ ಅದನ್ನೂ ಪೂರಾ ನಂಬುವಂತಿಲ್ಲ ಎಂದರು.

“ಮೂರರಲ್ಲಿ ಒಂದಿರಬಹುದು, ಮೂರೂ ಅಲ್ಲದೆಯೂ ಇರಬಹುದು” ಎಂದರು ಡಾಕ್ಟರಮ್ಮ. ಕುಂಡದಲ್ಲಿ ಅಂದಕ್ಕೆ ಬೆಳೆಸುವ ಸೈಕಾಸ್ ಗಿಡವನ್ನು ಕಡಿದು ಹೀಗಾದ ನಾಯಿಗಳೂ ಉಂಟು, ಜ್ವರವೆಂದು ಮನೆಯವರೇ ಪ್ಯಾರಾಸಿಟಮಾಲ್ ನುಂಗಿಸಿ ಹೀಗಾದದ್ದೂ ಉಂಟಂತೆ.

ಭಾನುವಾರ ವಾಂತಿ ನಿಂತಿತ್ತು. ಒಂದೆರಡು ತುತ್ತು ಮೆತ್ತನೆಯ ಅನ್ನ ಕೊಟ್ಟು ನೋಡಿ ಎಂದಿದ್ದರು. ನನ್ನವಳು ಕೊಟ್ಟಳು, ಮೂಸಲಿಲ್ಲ. ನಾನು ಕೊಟ್ಟೆ, ಮುಖ ತಿರುಗಿಸಿತು. ಅವ್ವ ಹತ್ತಿರವೇ ಬರಲಿಲ್ಲ, ತನ್ನ ಕೈಯ ಅನ್ನಕ್ಕೆ ತಾನೇ ಹೆದರಿದ್ದಳು. ಸಂಜೆ ನಾನು ಕೆಳಗಿಳಿದು ವಾಚ್‌ಮನ್ ಕೋಣೆಯ ಮುಂದೆ ನಿಂತೆ. ಬಿ.ಎ. ಓದಿದ ಬಾಯಿಗೆ ‘ತಪ್ಪಾಯಿತು’ ಎಂಬ ಒಂದು ಮಾತು ಹೊರಡಲು ಎಷ್ಟು ಹೊತ್ತು ಬೇಕಾಯಿತೆಂಬುದನ್ನು ಬರೆಯಲಾರೆ. ಅವನು, “ಮನೆಯಲ್ಲಿ ಕಷ್ಟವಿದ್ದಾಗ ಬಾಯಿ ತಪ್ಪುತ್ತದೆ ಸಾರ್” ಎಂದು, ಒಂದು ಬಟ್ಟಲು ಪೆರುಗನ್ನ ಕಲಸಿಕೊಂಡು ನನ್ನ ಜೊತೆ ಮೇಲೆ ಬಂದ. “ಎರ್ರೋಡಾ” ಎಂದು ಕರೆದ. ಕೆಂಚ ಬಾಲ ಒಂದು ಸಲ ನೆಲಕ್ಕೆ ಬಡಿದು, ಅವನ ಬೆರಳಿನಿಂದ ಮೂರು ತುತ್ತು ನೆಕ್ಕಿತು. ಅದು ಹೊಟ್ಟೆಯಲ್ಲೇ ನಿಂತಿತು.

ಮೂರು ವಾರದ ಮೇಲೆ ಎಸ್.ಜಿ.ಪಿ.ಟಿ. 300ಕ್ಕೆ ಇಳಿದಿತ್ತು. ಆರನೆಯ ವಾರದಲ್ಲಿ ನೂರರ ಒಳಗೆ ಬಂದಿತು. ಕಣ್ಣಿನ ಹಳದಿ ಅಷ್ಟರೊಳಗೆ ಹೋಗಿತ್ತು. ಮೀಟರು ಕೋಣೆಯಲ್ಲಿ ಈಗ ಪಾಷಾಣವಿಲ್ಲ, ಇಲಿ ಬೋನಿದೆ. ಲಸಿಕೆ ಹಾಕಿಸಿಯಾಯಿತು.

ಇಷ್ಟನ್ನು ನೆನಪಿಡಿ. ಊರಿನಿಂದ ಬಂದ ಶೇಂಗಾ, ಜೋಳಗಳನ್ನು ಚೆನ್ನಾಗಿ ಒಣಗಿಸಿ, ಗೋಡೆಗೆ ತಾಗದಂತೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಬೂಷ್ಟು ಹಿಡಿದದ್ದನ್ನು ಹುರಿದರೂ ಬೇಯಿಸಿದರೂ ಆ ವಿಷ ಪೂರಾ ಹೋಗುವುದಿಲ್ಲ. ಚೆಲ್ಲಿಬಿಡಿ. ನಾಯಿಗೂ ಬೇಡ, ಹಸುವಿಗೂ ಬೇಡ. ಹಸುವಿಗೆ ಹಾಕಿದರೆ ವಿಷದ ಅಂಶ ಹಾಲಿನ ಮೂಲಕ ನಮಗೇ ಬರುತ್ತದೆ. ನಾಯಿಯ ಕಣ್ಣು ಒಸಡು ಹಳದಿಯಾಗಿ ಕಂಡರೆ ಆ ದಿನವೇ ಡಾಕ್ಟರ ಬಳಿಗೆ ಒಯ್ಯಿರಿ. ನನ್ನಂತೆ ಎರಡು ದಿನ ಪೇಪರ್ ಓದುತ್ತ ಕೂಡಬೇಡಿ.

ಅವ್ವ ಮಾತ್ರ ಬಹಳ ದಿನ ಕೆಂಚನಿಗೆ ಏನೂ ಹಾಕಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ನಾನು ಎಷ್ಟು ಸಲ ಹೇಳಿದರೂ, “ಯಾರಿಗೆ ಗೊತ್ತೋ ಯಪ್ಪಾ” ಎನ್ನುತ್ತಿದ್ದಳು. ನಿಜ, ಯಾರಿಗೂ ಗೊತ್ತಿಲ್ಲ. ದಸರೆಯ ಹೊತ್ತಿಗೆ ಒಂದು ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಕೆಂಚ ತಾನಾಗಿಯೇ ಹೋಗಿ, ಒಲೆಯ ಪಕ್ಕದಲ್ಲಿ ಎಂದಿನ ಜಾಗದಲ್ಲಿ ಕೂತಿತು. ಅವ್ವ ನನ್ನ ಕಡೆ ನೋಡಿದಳು. ನಾನು ಹೂಂ ಎಂದೆ. ರೊಟ್ಟಿಯ ಒಂದು ತುಣುಕನ್ನು ಮೊದಲು ತಾನು ಬಾಯಿಗೆ ಹಾಕಿಕೊಂಡು ನೋಡಿ, ಆಮೇಲೆ ಉಳಿದದ್ದನ್ನು ಅದಕ್ಕೆ ಕೊಟ್ಟಳು.